ಡ್ರ್ಯಾಗ್ ಕಾರುಗಳ ಲಘುಕರಣ ಮತ್ತು ಗಾಜುನಾರಿನ ಫಲಕಗಳು

ಕಾಲು ಮೈಲಿಯ, ಎಂದರೆ ಸುಮಾರು 402 ಮೀಟರುಗಳ, ನೇರವಾದ ಹಾದಿಯನ್ನು ನಿಶ್ಚಲಸ್ಥಿತಿಯಿಂದ ಹೊರಟು ಅತ್ಯಲ್ಪ ಕಾಲದಲ್ಲಿ ಕ್ರಮಿಸುವುದೇ ಡ್ರ್ಯಾಗ್ ಪಂದ್ಯದ ಏಕಮಾತ್ರ ಗುರಿ. ಅಲ್ಲಿ ತಿರುವುಗಳಿಲ್ಲ, ಏರಿಳಿತಗಳಿಲ್ಲ. ಎಂಜಿನ್ನು ಉತ್ಪಾದಿಸುವ ಶಕ್ತಿ, ಆ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುವ ಹಿಂದಿನ ಚಕ್ರಗಳ ಹಿಡಿತ, ಮುಂದಕ್ಕೆ ಒಯ್ಯಬೇಕಾದ ಭಾರ, ಈ ಮೂರರ ಪರಸ್ಪರ ಸಂಬಂಧದಲ್ಲಿಯೇ ಪಂದ್ಯದ ಫಲವೆಲ್ಲವೂ ಅಡಗಿರುತ್ತದೆ. ಇವುಗಳಲ್ಲಿ ಮೂರನೆಯದನ್ನು ತಗ್ಗಿಸುವ ಸಲುವಾಗಿ ಉಕ್ಕಿನ ತಗಡಿನ ಬಾನೆಟ್ಟು, ಮಡ್‌ಗಾರ್ಡು, ಬಾಗಿಲು, ಡಿಕ್ಕಿಯ ಮುಚ್ಚಳ ಮೊದಲಾದವನ್ನು ಕಳಚಿ, ಅವುಗಳ ಸ್ಥಾನದಲ್ಲಿ ಗಾಜುನಾರು ಮತ್ತು ಕೃತಕ ರಾಳಗಳಿಂದಾದ ಫಲಕಗಳನ್ನು ಕೂರಿಸುವ ಪದ್ಧತಿ 1960ರ ದಶಕದ ಅಮೆರಿಕದಲ್ಲಿ ನೆಲೆಗೊಂಡಿತು. ಆ ಕಾಲದ ಕಾರುಗಳನ್ನು ಇಂದಿಗೂ ಪಂದ್ಯದ ಹಾದಿಗೆ ತರುತ್ತಿರುವವರು ಆ ಪದ್ಧತಿಯನ್ನೇ ಅನುಸರಿಸುತ್ತಿರುವರು. ಮೇಲ್ನೋಟಕ್ಕೆ ಇದು ಒಂದು ವಸ್ತುವನ್ನು ತೆಗೆದು ಇನ್ನೊಂದನ್ನು ಇಡುವ ಸರಳವಾದ ಕೆಲಸ. ಆದರೆ ಕಾರಿನ ತಗಡು ಒಂದೇ ಕೆಲಸಕ್ಕಾಗಿ ಇರುವುದಲ್ಲ. ರೂಪವನ್ನೀಯುವುದರ ಜೊತೆಗೆ ಅದು ಒಡಲನ್ನು ಬಿಗಿಯಾಗಿ ಹಿಡಿದಿರುತ್ತದೆ, ಬೆಂಕಿಯನ್ನು ತಡೆಯುತ್ತದೆ, ದೀಪಗಳ ವಿದ್ಯುತ್ತು ಹಿಂದಿರುಗುವುದಕ್ಕೆ ದಾರಿಯಾಗುತ್ತದೆ, ಅಪಘಾತವಾದಲ್ಲಿ ಚಾಲಕನಿಗೆ ಅಡ್ಡವಾಗಿ ನಿಲ್ಲುತ್ತದೆ. ಆದುದರಿಂದ ಎಷ್ಟು ಪೌಂಡು ಇಳಿಯಿತೆಂದು ಕೇಳುವುದರ ಜೊತೆಗೆ, ಅದು ಎಲ್ಲಿಂದ ಇಳಿಯಿತು, ತೆಗೆದ ತಗಡಿನ ಹೊಣೆಯನ್ನು ಇನ್ನು ಮುಂದೆ ಹೊರುವವರಾರು ಎಂದು ಕೇಳಿಕೊಂಡವನಿಗೆ ಮಾತ್ರ ಈ ವಿದ್ಯೆ ಒಲಿಯುತ್ತದೆ.

ಈ ಪಂದ್ಯದ ಮೂಲ ದಕ್ಷಿಣ ಕ್ಯಾಲಿಫೋರ್ನಿಯದ ಒಣಗಿದ ಸರೋವರಗಳಲ್ಲಿದೆ. ಮ್ಯುರಾಕ್, ಎಲ್ ಮಿರಾಜ್ ಮುಂತಾದ ಆ ವಿಶಾಲವಾದ ಬಯಲುಗಳಲ್ಲಿ ಎರಡನೆಯ ಮಹಾಯುದ್ಧಕ್ಕೆ ಮುಂಚಿನಿಂದಲೂ ತರುಣರು ಹಳೆಯ ಫೋರ್ಡ್ ಗಾಡಿಗಳ ಮಡ್‌ಗಾರ್ಡು, ಪಾದಹಲಗೆ, ಗಾಳಿಗಾಜುಗಳನ್ನು ಕಳಚಿಟ್ಟು ಓಡಿಸುತ್ತಿದ್ದರು. ಭಾರವನ್ನು ಇಳಿಸುವ ಕಲೆ ಹೀಗೆ ಸ್ಪರ್ಧೆಗೆ ನಿಯಮಗಳು ಹುಟ್ಟುವುದಕ್ಕೆ ಮೊದಲೇ ಹುಟ್ಟಿತೆನ್ನಬೇಕು. 1950ರಲ್ಲಿ ಸಾಂಟಾ ಆನಾ ಊರಿನ ವಿಮಾನ ನಿಲ್ದಾಣದಲ್ಲಿ ಟಿಕೆಟ್ಟಿಟ್ಟು ನಡೆಸುವ ಡ್ರ್ಯಾಗ್ ಪಂದ್ಯಗಳು ಪ್ರಾರಂಭವಾದವು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬಾತನು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. 1955ರಲ್ಲಿ ಆ ಸಂಸ್ಥೆಯ ಮೊದಲ ರಾಷ್ಟ್ರೀಯ ಪಂದ್ಯ ಕ್ಯಾನ್ಸಸ್ ಪ್ರಾಂತದ ಗ್ರೇಟ್ ಬೆಂಡ್‌ನಲ್ಲಿ ನಡೆಯಿತು. ಸಂಸ್ಥೆ ಬಂದೊಡನೆ ವರ್ಗೀಕರಣವೂ ಬಂದಿತು. ಕಾರಿನ ತೂಕವನ್ನು ಎಂಜಿನ್ನಿನ ಗಾತ್ರದಿಂದ ಭಾಗಿಸಿ, ಬಂದ ಲಬ್ಧಕ್ಕನುಸಾರವಾಗಿ ವರ್ಗವನ್ನು ನಿರ್ಣಯಿಸುವ ಕ್ರಮ ಬಳಕೆಗೆ ಬಂದುದರಿಂದ, ತೂಕದ ಯಂತ್ರವೇ ಪಂದ್ಯದ ಮೊದಲ ತೀರ್ಪುಗಾರನಾಯಿತು. ಯಾರು ಎಷ್ಟು ಹಗುರವಾಗಬಹುದೆಂಬುದಕ್ಕೆ ಹೀಗೆ ಮಿತಿಯೊಂದು ಬಿದ್ದಮೇಲೆ, ಆ ಮಿತಿಯೊಳಗೆ ಭಾರವನ್ನು ಎಲ್ಲಿ ಇರಿಸಬೇಕೆಂಬ ವಿಚಾರಕ್ಕೆ ಹೊಸ ಮಹತ್ತ್ವ ಬಂದಿತು.

ತೂಕದ ಗಣಿತ

ಸ್ಥಿರವಾದ ಶಕ್ತಿಯಿಂದ ತಳ್ಳಲ್ಪಡುವ ಒಂದು ವಸ್ತು ಗೊತ್ತಾದ ದೂರವನ್ನು ಕ್ರಮಿಸಲು ತೆಗೆದುಕೊಳ್ಳುವ ಕಾಲ, ಅದರ ತೂಕವನ್ನು ಶಕ್ತಿಯಿಂದ ಭಾಗಿಸಿದ ಸಂಖ್ಯೆಯ ಘನಮೂಲಕ್ಕೆ ಅನುಪಾತದಲ್ಲಿರುತ್ತದೆಂಬುದು ಚಲನಶಾಸ್ತ್ರದಿಂದ ಸಿದ್ಧವಾಗುವ ಮಾತು. ಪಂದ್ಯಗಾರರು ಅನುಭವದಿಂದ ಕಂಡುಕೊಂಡ ಸೂತ್ರವೂ ಇದೇ: ಪೌಂಡುಗಳಲ್ಲಿ ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿ, ಘನಮೂಲವನ್ನು ತೆಗೆದು, ಅದನ್ನು 5.825ರಿಂದ ಗುಣಿಸಿದರೆ ಕಾಲು ಮೈಲಿಯ ಓಟಕ್ಕೆ ಹಿಡಿಯುವ ಸೆಕೆಂಡುಗಳು ದೊರೆಯುತ್ತವೆ. ಚಾಲಕನೂ ಸೇರಿ 3500 ಪೌಂಡು ತೂಗುವ, 350 ಅಶ್ವಶಕ್ತಿಯ ಕಾರಿಗೆ ಈ ಲೆಕ್ಕದಂತೆ 12.55 ಸೆಕೆಂಡು ಬೇಕು. ಅದೇ ಕಾರು 3200 ಪೌಂಡಿಗೆ ಇಳಿದರೆ ಕಾಲ 12.18ಕ್ಕೆ ಇಳಿಯುತ್ತದೆ. ನೂರು ಪೌಂಡಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗವೆಂದು ಪಂದ್ಯದ ಹಾದಿಯ ಬಳಿ ಎಲ್ಲರೂ ಆಡುವ ಮಾತಿಗೆ ಆಧಾರ ಇದು. ಎದುರಾಳಿಗಳಿಬ್ಬರ ನಡುವಣ ಅಂತರ ಅನೇಕ ವೇಳೆ ಇದರ ಅರ್ಧದಷ್ಟೂ ಇರುವುದಿಲ್ಲವಾದುದರಿಂದ, ಒಂದು ಬಾನೆಟ್ಟನ್ನು ಬದಲಾಯಿಸುವುದರಿಂದ ದೊರೆಯುವ ನಲವತ್ತು ಪೌಂಡಿನ ಲಾಭವನ್ನು ಯಾರೂ ಅಲ್ಪವೆಂದು ಬಗೆಯುವುದಿಲ್ಲ.

ಆದರೆ ಸೂತ್ರ ಕಾರನ್ನು ಒಂದು ಬಿಂದುವೆಂದು ಭಾವಿಸುತ್ತದೆ. ಕಾರಿಗಾದರೋ ಮುಂದು ಹಿಂದುಗಳುಂಟು. ಅಮೆರಿಕದ ಆ ಕಾಲದ ಕಾರುಗಳಲ್ಲಿ ಬೀಡುಕಬ್ಬಿಣದ ಎಂಟು ಸಿಲಿಂಡರಿನ ಭಾರಿ ಎಂಜಿನ್ನು ಮುಂಭಾಗದಲ್ಲಿಯೂ, ಅದರ ಶಕ್ತಿಯನ್ನು ನೆಲಕ್ಕೆ ಒಯ್ಯುವ ಚಕ್ರಗಳು ಹಿಂಭಾಗದಲ್ಲಿಯೂ ಇದ್ದುವು. ಅರ್ಧಕ್ಕಿಂತ ಹೆಚ್ಚಿನ ಭಾರ ಯಾವ ಕೆಲಸವನ್ನೂ ಮಾಡದ ಮುಂದಿನ ಚಕ್ರಗಳ ಮೇಲೆ ಕುಳಿತಿದ್ದರೆ, ಹಿಂದಿನ ಟಯರುಗಳು ಹಿಡಿತ ಸಾಲದೆ ನಿಂತಲ್ಲೇ ಸುತ್ತಿ ಹೊಗೆಯಾಡುತ್ತವೆ. ಇಲ್ಲಿ ಸನ್ನೆಗೋಲಿನ ನ್ಯಾಯವನ್ನು ನೆನೆಯಬೇಕು. ಮುಂದಿನ ಆಕ್ಸಲಿಗೂ ಹಿಂದಿನ ಆಕ್ಸಲಿಗೂ ಒಂಬತ್ತು ಅಡಿ ಅಂತರವಿರುವ ಕಾರಿನಲ್ಲಿ, ಮುಂದಿನ ಆಕ್ಸಲಿಗಿಂತ ಮೂರು ಅಡಿ ಮುಂದಿರುವ ಮೂವತ್ತು ಪೌಂಡಿನ ಬಂಪರನ್ನು ಕಳಚಿದರೆ ಮುಂದಿನ ಚಕ್ರಗಳ ಮೇಲಣ ಹೊರೆ ಮೂವತ್ತಲ್ಲ, ನಲವತ್ತು ಪೌಂಡು ಇಳಿಯುತ್ತದೆ. ಹಿಂದಿನ ಚಕ್ರಗಳ ಮೇಲಣ ಹೊರೆ ಹತ್ತು ಪೌಂಡು ಏರುತ್ತದೆ. ಮುಂದಿನ ಆಕ್ಸಲಿನ ನೇರಕ್ಕಿದ್ದ ನಲವತ್ತು ಪೌಂಡಿನ ಬ್ಯಾಟರಿಯನ್ನು ಹಿಂದಿನ ಆಕ್ಸಲಿನಿಂದ ಮೂರು ಅಡಿ ಹಿಂದಕ್ಕೆ, ಡಿಕ್ಕಿಯೊಳಕ್ಕೆ, ಸಾಗಿಸಿದರೆ ಕಾರಿನ ಒಟ್ಟು ತೂಕ ಒಂದು ಔನ್ಸೂ ಕಡಿಮೆಯಾಗುವುದಿಲ್ಲ. ಆದರೂ ಐವತ್ತಮೂರು ಪೌಂಡು ಮುಂದಿನಿಂದ ಹಿಂದಕ್ಕೆ ಸರಿದಿರುತ್ತದೆ. ಗಾಜುನಾರಿನ ಫಲಕಗಳಲ್ಲಿ ಬಾನೆಟ್ಟಿಗೂ ಮುಂದಿನ ಮಡ್‌ಗಾರ್ಡುಗಳಿಗೂ ಸಲ್ಲುವ ಅಗ್ರಸ್ಥಾನಕ್ಕೆ ಕಾರಣ ಇದೇ. ಡಿಕ್ಕಿಯ ಮುಚ್ಚಳವನ್ನು ಹಗುರಗೊಳಿಸಿದವನು ಒಟ್ಟು ತೂಕದಲ್ಲಿ ಗಳಿಸಿದುದರಲ್ಲಿ ಒಂದು ಪಾಲನ್ನು ಹಿಡಿತದಲ್ಲಿ ಕಳೆದುಕೊಳ್ಳುತ್ತಾನೆ.

ಕಾರು ಹೊರಡುವ ಕ್ಷಣದಲ್ಲಿ ಭಾರ ತಾನಾಗಿಯೂ ಹಿಂದಕ್ಕೆ ಸರಿಯುತ್ತದೆ. ಸರಿಯುವ ಪ್ರಮಾಣ ವೇಗೋತ್ಕರ್ಷಕ್ಕೂ ಗುರುತ್ವಕೇಂದ್ರದ ಎತ್ತರಕ್ಕೂ ಅನುಗುಣವಾಗಿ ಏರುತ್ತದೆ, ಆಕ್ಸಲುಗಳ ಅಂತರ ಹೆಚ್ಚಿದಂತೆ ಇಳಿಯುತ್ತದೆ. 3200 ಪೌಂಡು ತೂಗುವ, ಗುರುತ್ವಕೇಂದ್ರ ನೆಲದಿಂದ ಇಪ್ಪತ್ತು ಅಂಗುಲ ಎತ್ತರದಲ್ಲಿರುವ, ಆಕ್ಸಲುಗಳ ಅಂತರ 115.5 ಅಂಗುಲವಿರುವ ಕಾರು ಭೂಮಿಯ ಗುರುತ್ವಕ್ಕೆ ಸಮನಾದ ವೇಗೋತ್ಕರ್ಷದಿಂದ ಹೊರಟರೆ ಸುಮಾರು 550 ಪೌಂಡು ಹಿಂದಿನ ಚಕ್ರಗಳಿಗೆ ವರ್ಗವಾಗುತ್ತದೆ. 1960ರ ದಶಕದ ಗ್ಯಾಸರ್ ಎಂಬ ವರ್ಗದ ಕಾರುಗಳು ಮೂಗನ್ನು ಮೇಲೆತ್ತಿ ನಿಂತಿರುತ್ತಿದ್ದುದು ಈ ವರ್ಗಾವಣೆಯನ್ನು ಹೆಚ್ಚಿಸುವ ಉದ್ದೇಶದಿಂದಲೇ. 1941ರ ವಿಲ್ಲಿಸ್ ಕೂಪೆಯಂಥ ಹಳೆಯ, ಚಿಕ್ಕ ಕಾರುಗಳನ್ನು ಆಯ್ದು, ಅವುಗಳ ಮುಂಭಾಗವೆಲ್ಲವನ್ನೂ ಗಾಜುನಾರಿನ ಒಂದೇ ಚಿಪ್ಪಾಗಿ ಮಾಡಿ, ಅದು ಮುಂದಕ್ಕೆ ಬಾಗಿ ತೆರೆದುಕೊಳ್ಳುವಂತೆ ಜೋಡಿಸುತ್ತಿದ್ದರು. ಸ್ಟೋನ್, ವುಡ್ಸ್ ಮತ್ತು ಕುಕ್ ಎಂಬ ತಂಡದ ವಿಲ್ಲಿಸ್ ಗಾಡಿಗಳು ಈ ಮಾದರಿಯವುಗಳಲ್ಲಿ ಬಹಳ ಪ್ರಸಿದ್ಧವಾದುವು.

ಗಾಜುನಾರು

ಗಾಜನ್ನು ಕರಗಿಸಿ ಸೂಕ್ಷ್ಮವಾದ ಎಳೆಗಳನ್ನಾಗಿ ಎಳೆಯುವ ಕೈಗಾರಿಕೆ 1930ರ ದಶಕದಲ್ಲಿ ಅಮೆರಿಕದಲ್ಲಿ ಗೇಮ್ಸ್ ಸ್ಲೇಟರ್ ಮತ್ತು ಆತನ ಸಹೋದ್ಯೋಗಿಗಳ ಪ್ರಯತ್ನದಿಂದ ಪ್ರೌಢಾವಸ್ಥೆಗೆ ಬಂದಿತು. 1938ರಲ್ಲಿ ಓವೆನ್ಸ್-ಕಾರ್ನಿಂಗ್ ಎಂಬ ಸಂಸ್ಥೆ ಇದಕ್ಕಾಗಿಯೇ ಏರ್ಪಟ್ಟಿತು. ಅದೇ ಕಾಲದಲ್ಲಿ, ಒಲೆಯ ಶಾಖವಾಗಲಿ ಭಾರಿ ಒತ್ತಡವಾಗಲಿ ಇಲ್ಲದೆ ಗಟ್ಟಿಯಾಗುವ ಪಾಲಿಯೆಸ್ಟರ್ ರಾಳಗಳು ರೂಪುಗೊಳ್ಳುತ್ತಿದ್ದುವು. ಇವೆರಡರ ಸಂಯೋಗದಿಂದ ಹುಟ್ಟಿದ ವಸ್ತು ರೇಡಿಯೋ ತರಂಗಗಳಿಗೆ ಅಡ್ಡಿಯಾಗದ ಕಾರಣ, ಮಹಾಯುದ್ಧದಲ್ಲಿ ವಿಮಾನಗಳ ರೇಡಾರ್ ಯಂತ್ರಗಳಿಗೆ ಹೊದಿಕೆಯಾಗಿ ಬಳಕೆಗೆ ಬಂದಿತು. ಯುದ್ಧಾನಂತರ ಅದು ದೋಣಿಗಳಿಗೂ ಅಲ್ಲಿಂದ ಕಾರುಗಳಿಗೂ ಹಬ್ಬಿತು. 1953ರಲ್ಲಿ ಮಿಶಿಗನ್ ಪ್ರಾಂತದ ಫ್ಲಿಂಟ್ ನಗರದಲ್ಲಿ ತಯಾರಾದ ಮೊದಲ ಮುನ್ನೂರು ಷೆವ್ರೊಲೆ ಕಾರ್ವೆಟ್ ಕಾರುಗಳ ಒಡಲೆಲ್ಲವೂ ಗಾಜುನಾರಿನದು. ಆ ಒಡಲು ರೇಡಿಯೋ ತರಂಗಗಳನ್ನು ತಡೆಯದಿದ್ದುದರಿಂದ ಆಕಾಶತಂತಿಯನ್ನು ಡಿಕ್ಕಿಯ ಮುಚ್ಚಳದೊಳಗೇ ಅಡಗಿಸಿಡಲು ಸಾಧ್ಯವಾಯಿತು. ಎಂಜಿನ್ನಿನ ಕಿಡಿಗಳ ಗೊರಗೊರ ಶಬ್ದ ರೇಡಿಯೋಗೆ ಕೇಳಿಸದಂತೆ ಇಗ್ನಿಷನ್ ಭಾಗಕ್ಕೆ ಲೋಹದ ಕವಚವನ್ನು ಹೊದಿಸಬೇಕಾಗಿಯೂ ಬಂದಿತು. ತಗಡು ಸದ್ದಿಲ್ಲದೆ ಮಾಡಿಕೊಂಡು ಬರುತ್ತಿದ್ದ ಒಂದು ಕೆಲಸ ಆಗ ಮೊಟ್ಟಮೊದಲಿಗೆ ಎಲ್ಲರ ಗಮನಕ್ಕೆ ಬಂದಿತು.

ಈ ವಸ್ತು ನಮ್ಮ ನಾಡಿಗೂ ಅಪರಿಚಿತವಲ್ಲ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯನ್ನು ಅನುಸರಿಸಿ 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಾರ್ಖಾನೆಯಲ್ಲಿ ತಯಾರಾದ ಡಾಲ್ಫಿನ್ ಎಂಬ ಪುಟ್ಟ ಕಾರಿನ ಒಡಲು ಗಾಜುನಾರಿನದಾಗಿತ್ತು. ಕೊಳ್ಳುವವರಿಗೆ ಆ ಒಡಲಿನ ಮೇಲೆ ಪೂರ್ಣ ವಿಶ್ವಾಸ ಮೂಡಲಿಲ್ಲವಾದರೂ, ಕಾರಿನ ಹಗುರತನವನ್ನು ಮೆಚ್ಚಿ ಮೋಟಾರು ಪಂದ್ಯಗಳಲ್ಲಿ ಅದನ್ನು ಓಡಿಸಿದವರುಂಟು.

ಕಾರ್ಖಾನೆಗಳ ಸ್ಪರ್ಧೆ

1962ರಿಂದ 1968ರವರೆಗಿನ ಅವಧಿಯಲ್ಲಿ ಡೆಟ್ರಾಯಿಟ್ಟಿನ ಕಾರ್ಖಾನೆಗಳೇ ಪಂದ್ಯಕ್ಕಾಗಿ ಹಗುರವಾದ ಕಾರುಗಳನ್ನು ಕಟ್ಟಿದುವು. ಮೊದಲು ಒಲವು ಪಡೆದುದು ಅಲ್ಯೂಮಿನಿಯಮ್ಮು. 1963ರ ಷೆವ್ರೊಲೆ ಇಂಪಾಲದ ಜ಼ೆಡ್-11 ಎಂಬ ಮಾದರಿಯ 57 ಕಾರುಗಳಿಗೆ ಮುಂಭಾಗದ ತಗಡೆಲ್ಲವೂ ಅಲ್ಯೂಮಿನಿಯಮ್ಮಿನದು. ಪಾಂಟಿಯಾಕ್ ಕಾರ್ಖಾನೆಯವರು ಅದೇ ವರ್ಷ ಹದಿನಾಲ್ಕು ಕ್ಯಾಟಲೀನ ಕಾರುಗಳಿಗೆ ಅಲ್ಯೂಮಿನಿಯಮ್ಮಿನ ಫಲಕಗಳನ್ನು ಹಾಕಿದುದಲ್ಲದೆ, ಚಾಸಿಯ ಉಕ್ಕಿನ ತೊಲೆಗಳಲ್ಲಿ ಸಾಲುಸಾಲಾಗಿ ದೊಡ್ಡ ತೂತುಗಳನ್ನೂ ಕೊರೆದರು. ಹೊರೆ ಹೊರಬೇಕಾದ ಅಂಗವನ್ನೇ ದುರ್ಬಲಗೊಳಿಸಿ ಪಡೆದ ಈ ಲಾಭ ವಿವೇಕದ್ದೆನ್ನಲಾಗದು. 1963ರ ಜನವರಿಯಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಎಲ್ಲ ಶಾಖೆಗಳಿಗೂ ಪಂದ್ಯಗಳಿಂದ ದೂರವಿರುವಂತೆ ಆಜ್ಞಾಪಿಸಿದುದರಿಂದ ಈ ಎರಡು ಪ್ರಯತ್ನಗಳೂ ಅಲ್ಲಿಗೇ ನಿಂತುವು.

ಫೋರ್ಡ್ ಸಂಸ್ಥೆ ಗಾಜುನಾರನ್ನು ನೆಚ್ಚಿತು. 1963ರ ಗ್ಯಾಲಕ್ಸಿಗೆ ಗಾಜುನಾರಿನ ಬಾನೆಟ್ಟು, ಮಡ್‌ಗಾರ್ಡುಗಳನ್ನು ಹಾಕಿದರೂ ಆ ದೊಡ್ಡ ಕಾರು ಸಾಕಷ್ಟು ಹಗುರವಾಗಲಿಲ್ಲ. ಆಗ ಮಧ್ಯಮ ಗಾತ್ರದ ಫೇರ್‌ಲೇನ್ ಕಾರಿನೊಳಕ್ಕೆ 427 ಘನ ಅಂಗುಲದ, ಎಂದರೆ ಏಳು ಲೀಟರಿನ, ಎಂಜಿನ್ನನ್ನು ತುಂಬುವ ಉಪಾಯ ಹೊಳೆಯಿತು. ಹೀಗೆ 1964ರಲ್ಲಿ ಡಿಯರ್‌ಬಾರ್ನ್ ಸ್ಟೀಲ್ ಟ್ಯೂಬಿಂಗ್ ಎಂಬ ಸಂಸ್ಥೆಯ ಮೂಲಕ ಸಿದ್ಧವಾದ ಸುಮಾರು ನೂರು ಥಂಡರ್‌ಬೋಲ್ಟ್ ಕಾರುಗಳು ಈ ವಿದ್ಯೆಯ ಶಿಖರವೆಂಬುದು ಈ ಲೇಖಕನ ಅಭಿಪ್ರಾಯ. ಅಂದಿನ ನಿಯಮದಂತೆ ಸೂಪರ್ ಸ್ಟಾಕ್ ಎಂಬ ವರ್ಗದ ಕಾರಿಗೆ ಕನಿಷ್ಠ 3200 ಪೌಂಡು, ಸುಮಾರು 1450 ಕಿಲೋಗ್ರಾಂ, ತೂಕವಿರಬೇಕಿತ್ತು. ಬಾನೆಟ್ಟು, ಮುಂದಿನ ಮಡ್‌ಗಾರ್ಡುಗಳು ಗಾಜುನಾರಿನವಾದುವು. ಮೊದಲ ಕೆಲವು ಕಾರುಗಳಲ್ಲಿ ಗಾಜುನಾರಿನದೇ ಆಗಿದ್ದ ಮುಂದಿನ ಬಂಪರು ಅನಂತರ ಅಲ್ಯೂಮಿನಿಯಮ್ಮಿಗೆ ತಿರುಗಿತು. ಎಂಜಿನ್ನು ಎತ್ತರವಾಗಿದ್ದುದರಿಂದ ಬಾನೆಟ್ಟಿನ ನಡುವೆ ಕಣ್ಣೀರಹನಿಯ ಆಕಾರದ ಉಬ್ಬು ಬಂದಿತು. ಪಕ್ಕದ ಮತ್ತು ಹಿಂದಿನ ಕಿಟಕಿಗಳಿಗೆ ಗಾಜಿನ ಬದಲು ಪ್ಲೆಕ್ಸಿಗ್ಲಾಸ್ ಬಂದಿತು. ರೇಡಿಯೋ, ಹೀಟರು, ಬಿಸಿಲುಮರೆ, ಕೈಯೊರಗು, ನೆಲದ ಜಮಖಾನ, ಶಬ್ದವನ್ನಡಗಿಸುವ ಲೇಪ ಯಾವುದೂ ಉಳಿಯಲಿಲ್ಲ. ನಾಲ್ಕು ಮುಂದೀಪಗಳಲ್ಲಿ ಒಳಗಿನ ಎರಡನ್ನು ತೆಗೆದು, ಆ ಕುಳಿಗಳಿಂದ ಕಾರ್ಬುರೇಟರುಗಳಿಗೆ ತಣ್ಣನೆಯ ಗಾಳಿ ಒಯ್ಯುವ ಕೊಳವೆಗಳನ್ನು ಜೋಡಿಸಿದರು. ಇಷ್ಟೆಲ್ಲ ಉಳಿತಾಯ ಮಾಡಿದ ಅದೇ ಜನ ಡಿಕ್ಕಿಯ ಬಲಮೂಲೆಯಲ್ಲಿ ಲಾರಿಗಳಿಗೆ ಹಾಕುವಂಥ ಭಾರವಾದ ಬ್ಯಾಟರಿಯನ್ನು ಇರಿಸಿದರೆಂಬುದನ್ನು ಗಮನಿಸಬೇಕು. ಹೊರಡುವಾಗ ಎಂಜಿನ್ನಿನ ತಿರುಚುಬಲದಿಂದ ಹಿಡಿತ ತಪ್ಪುವುದು ಬಲಗಡೆಯ ಹಿಂದಿನ ಚಕ್ರವೇ. ಮುಂಭಾಗದಿಂದ ಪೌಂಡುಪೌಂಡಾಗಿ ಉಳಿಸಿದುದನ್ನು ಆ ಚಕ್ರದ ಮೇಲೆ ಬೇಕೆಂದೇ ವೆಚ್ಚ ಮಾಡಿದರು. ಲಘುಕರಣವೆಂದರೆ ಭಾರವನ್ನು ತನ್ನಿಚ್ಛೆಯಂತೆ ಹಂಚುವ ಅಧಿಕಾರವನ್ನು ಗಳಿಸಿಕೊಳ್ಳುವುದು ಎಂಬ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಕ್ಕದು. ಗ್ಯಾಸ್ ರೊಂಡ ಎಂಬ ಚಾಲಕನು ಈ ಕಾರಿನಲ್ಲಿ 1964ರ ಸೂಪರ್ ಸ್ಟಾಕ್ ವರ್ಗದಲ್ಲಿ ಅಗ್ರಮಾನ್ಯನಾದನು.

ಮರುವರ್ಷ ನಿಯಮಗಳು ಬಿಗಿಯಾದುವು. ಸೂಪರ್ ಸ್ಟಾಕ್ ವರ್ಗದಲ್ಲಿ ಒಡಲು ಉಕ್ಕಿನದೇ ಆಗಿರಬೇಕೆಂದು ಹಾಟ್ ರಾಡ್ ಅಸೋಸಿಯೇಷನ್ ವಿಧಿಸಿದುದರಿಂದ, ಕ್ರೈಸ್ಲರ್ ಸಂಸ್ಥೆ ಮಾಮೂಲಿಗಿಂತ ತೆಳುವಾದ ಉಕ್ಕಿನ ತಗಡಿನಿಂದ ಪ್ಲಿಮತ್, ಡಾಡ್ಜ್ ಕಾರುಗಳನ್ನು ಕಟ್ಟಿ, ತನ್ನ ಎ-100 ವ್ಯಾನಿನ ಹಗುರವಾದ ಆಸನಗಳನ್ನು ಅವಕ್ಕೆ ಕೂರಿಸಿತು. ಅದೇ ವರ್ಷ ಅದು ಕೆಲವು ಕಾರುಗಳ ಒಡಲನ್ನು ಆಮ್ಲದಲ್ಲಿ ಅದ್ದಿ ತೆಳುಮಾಡಿ, ಗಾಜುನಾರಿನ ಬಾಗಿಲು, ಮಡ್‌ಗಾರ್ಡು, ಬಾನೆಟ್ಟುಗಳನ್ನು ತೊಡಿಸಿ, ಹಿಂದಿನ ಆಕ್ಸಲನ್ನು ಹದಿನೈದು ಅಂಗುಲವೂ ಮುಂದಿನ ಚಕ್ರಗಳನ್ನು ಹತ್ತು ಅಂಗುಲವೂ ಮುಂದಕ್ಕೆ ಸರಿಸಿತು. ಭಾರವನ್ನು ಹಿಂದಕ್ಕೆ ಒಯ್ಯುವ ಬದಲು ಚಕ್ರಗಳನ್ನೇ ಭಾರದ ಕೆಳಕ್ಕೆ ತಂದಂತಾಯಿತು. ವಿಚಿತ್ರಾಕಾರದ ಆ ಕಾರುಗಳಿಗೆ ಅಸೋಸಿಯೇಷನ್ನಿನ ಸ್ಟಾಕ್ ವರ್ಗಗಳಲ್ಲಿ ಪ್ರವೇಶ ದೊರೆಯದಿದ್ದರೂ ಜನ ಅವನ್ನು ನೋಡಲು ಕಿಕ್ಕಿರಿದು ಸೇರಿದರು. ಫನಿ ಕಾರ್ ಎಂಬ ವರ್ಗದ ಉಗಮ ಅಲ್ಲಿಯೇ. 1966ರಲ್ಲಿ ಮರ್ಕ್ಯುರಿ ಕಾಮೆಟ್ಟಿನ ರೂಪದ ಇಡೀ ಒಡಲನ್ನು ಗಾಜುನಾರಿನ ಒಂದೇ ಚಿಪ್ಪಾಗಿ ಎರೆದು, ಮಿಶಿಗನ್ನಿನ ಲಾಗಿ ಸಹೋದರರು ಕಟ್ಟಿದ ಉಕ್ಕಿನ ಕೊಳವೆಗಳ ಚಾಸಿಯ ಮೇಲೆ ಹಿಂದುಗಡೆಯ ಕೀಲಿನಿಂದ ಎತ್ತುವಂತೆ ಕೂರಿಸಿದರು. ಡಾನ್ ನಿಕಲ್ಸನ್ ಎಂಬ ಚಾಲಕನ ಕಾರು ಇವುಗಳಲ್ಲಿ ಖ್ಯಾತಿ ಪಡೆಯಿತು. ಅಲ್ಲಿಗೆ ಒಡಲಿಗೆ ಹೊರೆ ಹೊರುವ ಕೆಲಸವೇ ಇಲ್ಲವಾಯಿತು.

1968ರ ಡಾಡ್ಜ್ ಡಾರ್ಟ್ ಮತ್ತು ಪ್ಲಿಮತ್ ಬ್ಯಾರಕೂಡ ಕಾರುಗಳು ಹರ್ಸ್ಟ್ ಸಂಸ್ಥೆಯ ನೆರವಿನಿಂದ ಸಿದ್ಧವಾದುವು. ಇವುಗಳಿಗೆ ಗಾಜುನಾರಿನ ಬಾನೆಟ್ಟು ಮತ್ತು ಮಡ್‌ಗಾರ್ಡು, ಆಮ್ಲದಲ್ಲಿ ಅದ್ದಿದ ಬಾಗಿಲು, ಕಾರ್ನಿಂಗ್ ಕಾರ್ಖಾನೆಯ ತೆಳುಗಾಜು. ಕಿಟಕಿಯನ್ನು ಏರಿಸುವ ಯಂತ್ರವನ್ನೂ ತೆಗೆದುಹಾಕಿ ಪಟ್ಟಿಯೊಂದನ್ನು ಕಟ್ಟಿದ್ದರು. ಗಾಜನ್ನು ಕೈಯಿಂದ ಎಳೆದು ಏರಿಸಬೇಕಾಗಿತ್ತು. ಬಣ್ಣವನ್ನೂ ಬಳಿಯದೆ, ಉಕ್ಕಿನ ಭಾಗ ಪ್ರೈಮರಿನ ಬಣ್ಣದಲ್ಲಿಯೂ ಗಾಜುನಾರಿನ ಭಾಗ ತನ್ನ ಕರಿಯ ಮೇಲ್ಪದರದಲ್ಲಿಯೂ ಇದ್ದಂತೆಯೇ ಅವು ಕಾರ್ಖಾನೆಯಿಂದ ಹೊರಟುವು. ಈ ವರ್ಗದ ಕಾರುಗಳು ಇಂಡಿಯಾನಾಪೊಲಿಸ್ಸಿನ ರಾಷ್ಟ್ರೀಯ ಪಂದ್ಯದಲ್ಲಿ ಇಂದಿಗೂ ತಮ್ಮತಮ್ಮಲ್ಲಿ ಸ್ಪರ್ಧಿಸುತ್ತವೆ.

ಫಲಕದ ತಯಾರಿಕೆ

ಸುಸ್ಥಿತಿಯಲ್ಲಿರುವ ಉಕ್ಕಿನ ಬಾನೆಟ್ಟೊಂದನ್ನು ಮಾದರಿಯಾಗಿ ಇಟ್ಟುಕೊಂಡು, ಅದರ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಮೇಣವನ್ನು ಹಲವು ಬಾರಿ ಲೇಪಿಸಿ ಹೊಳಪೇರಿಸಿ, ಅದರ ಮೇಲೆ ಗಾಜುನಾರಿನಿಂದಲೇ ದಪ್ಪನಾದ ಅಚ್ಚೊಂದನ್ನು ತೆಗೆಯುವುದು ಮೊದಲ ಹಂತ. ಮಾದರಿಯ ಮೇಲಿನ ಅತಿ ಸಣ್ಣ ಗೀರೂ ಅಚ್ಚಿನಲ್ಲಿ ಮೂಡಿ, ಅಲ್ಲಿಂದ ಮುಂದೆ ತೆಗೆದ ಪ್ರತಿಯೊಂದು ಫಲಕದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅಚ್ಚಿನ ಒಳಮೈಗೆ ಮೊದಲು ಜೆಲ್‌ಕೋಟ್ ಎಂಬ ಬಣ್ಣದ ರಾಳದ ಪದರವನ್ನು ಅರ್ಧ ಮಿಲಿಮೀಟರಿನಷ್ಟು ಬಳಿಯುತ್ತಾರೆ. ಅದು ಬೆರಳಿಗೆ ಅಂಟಿಯೂ ಅಂಟದಂಥ ಹದಕ್ಕೆ ಬಂದಾಗ, ಚದರ ಮೀಟರಿಗೆ 300 ಅಥವಾ 450 ಗ್ರಾಂ ತೂಗುವ ಗಾಜುನಾರಿನ ಚಾಪೆಯನ್ನು ಹಾಸಿ, ನೂರಕ್ಕೆ ಒಂದೆರಡು ಭಾಗ ಹಾರ್ಡನರ್ ಬೆರೆಸಿದ ಪಾಲಿಯೆಸ್ಟರ್ ರಾಳವನ್ನು ಕುಂಚದಿಂದ ಕುಟ್ಟಿಕುಟ್ಟಿ ಉಣಿಸುತ್ತಾರೆ. ಬಿಳಿಯ ಚಾಪೆ ರಾಳವನ್ನು ಹೀರಿದಂತೆಲ್ಲ ಪಾರದರ್ಶಕವಾಗುತ್ತ ಬರುತ್ತದೆ. ಎಲ್ಲಿಯಾದರೂ ಬೆಳ್ಳಗೆ ಉಳಿದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆಯೆಂದೇ ಅರ್ಥ. ತೋಡುಗಳಿರುವ ಸಣ್ಣ ಉರುಳೆಯನ್ನು ಒತ್ತಿ ಹಾಯಿಸಿ ಆ ಗುಳ್ಳೆಗಳನ್ನು ಅಂಚಿನತ್ತ ಹೊಡೆದೋಡಿಸಬೇಕು. ಬಾನೆಟ್ಟಿನ ಚೂಪಾದ ಏಣುಗಳಲ್ಲಿ ಚಾಪೆ ಬಾಗಲೊಲ್ಲದೆ ಮೇಲೇಳುವುದರಿಂದ ಗುಳ್ಳೆಗಳು ಅಲ್ಲಿಯೇ ಹೆಚ್ಚು. ಮುಂದೆ ಬಿಸಿಲಿಗೆ ಬಣ್ಣ ಉಬ್ಬಿ ಒಡೆಯುವುದೂ ಅಲ್ಲಿಯೇ.

ಕೆಲಸಗಾರನ ಕುಶಲತೆ ರಾಳವನ್ನು ಹಾಕುವುದರಲ್ಲಿರುವಷ್ಟೇ ಹಿಂಡಿ ತೆಗೆಯುವುದರಲ್ಲಿಯೂ ಇದೆ. ಬಲವನ್ನೀಯುವುದು ನಾರು, ರಾಳ ಅದನ್ನು ಹಿಡಿದಿಡುವ ಬಂಧಕ ಮಾತ್ರ. ಚಾಪೆಯ ತೂಕದ ಎರಡೂವರೆ ಪಟ್ಟನ್ನು ಮೀರಿ ಸುರಿದ ರಾಳ ಫಲಕವನ್ನು ಭಾರವಾಗಿಯೂ ಪೆಡಸಾಗಿಯೂ ಮಾಡುತ್ತದೆ. ಅಗ್ಗದ ಫಲಕಗಳ ಸಾಮಾನ್ಯ ದೋಷ ಇದು. ಸ್ಟೈರೀನಿನ ಕಟುವಾಸನೆಯ ಆವಿಯಿಂದಲೂ, ಉಜ್ಜುವಾಗ ಏಳುವ, ಮೈಗೆ ತಾಗಿ ನವೆ ಹುಟ್ಟಿಸುವ ಗಾಜಿನ ಧೂಳಿನಿಂದಲೂ ಉಸಿರನ್ನು ಕಾಪಾಡಿಕೊಳ್ಳುವುದು ಅತ್ಯವಶ್ಯ. ಹಾರ್ಡನರನ್ನೂ ಕೋಬಾಲ್ಟ್ ವೇಗವರ್ಧಕವನ್ನೂ ನೇರವಾಗಿ ಒಂದರೊಡನೊಂದು ಬೆರೆಸಿದರೆ ಸ್ಫೋಟವಾಗುವ ಅಪಾಯವಿರುವುದರಿಂದ ಒಂದನ್ನು ರಾಳದಲ್ಲಿ ಪೂರ್ತಿಯಾಗಿ ಕಲೆಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು.

ಹೀಗೆ ಸಿದ್ಧವಾದ ಫಲಕ ಎಷ್ಟು ಹಗುರ? ಉಕ್ಕಿನ ಸಾಪೇಕ್ಷ ಸಾಂದ್ರತೆ 7.85, ಕೈಯಿಂದ ಹಾಸಿದ ಗಾಜುನಾರಿನದು ಸುಮಾರು 1.5. ಇದನ್ನು ನೋಡಿ ಐದನೆಯ ಒಂದು ಪಾಲು ತೂಕವೆಂದು ಊಹಿಸುವುದು ಸರಿಯಲ್ಲ, ಏಕೆಂದರೆ 0.9 ಮಿಲಿಮೀಟರ್ ದಪ್ಪದ ತಗಡಿನ ಸ್ಥಾನದಲ್ಲಿ ಎರಡೂವರೆ ಮಿಲಿಮೀಟರ್ ದಪ್ಪದ ಗಾಜುನಾರು ಬೇಕಾಗುತ್ತದೆ. ಚದರ ಮೀಟರಿಗೆ ಉಕ್ಕು 7 ಕಿಲೋಗ್ರಾಂ ತೂಗಿದರೆ ಗಾಜುನಾರು 3.75 ಕಿಲೋಗ್ರಾಂ ತೂಗುತ್ತದೆ. ಉಳಿತಾಯ ಅರ್ಧದಷ್ಟು ಮಾತ್ರ. ಬಾಗುವಿಕೆಗೆ ಒಡ್ಡುವ ವಿರೋಧ ದಪ್ಪದ ಘನಕ್ಕನುಸಾರವಾಗಿ ಏರುವುದರಿಂದ, ಅಷ್ಟು ದಪ್ಪದಲ್ಲಿ ಗಾಜುನಾರಿನ ಬಿಗುವು ತಗಡಿನದಕ್ಕೆ ಸಮೀಪವಾಗಿಯೇ ಇರುತ್ತದೆ. ಹಾಗಾದರೆ 50ರಿಂದ 80 ಪೌಂಡು ತೂಗುವ ದೊಡ್ಡ ಕಾರಿನ ಬಾನೆಟ್ಟಿನ ಬದಲು ಇಪ್ಪತ್ತು ಪೌಂಡಿನ ಆಸುಪಾಸಿನ ಫಲಕ ಬರುವುದು ಹೇಗೆ? ಉಕ್ಕಿನ ಬಾನೆಟ್ಟಿನ ಕೆಳಗೆ ಅಡ್ಡಪಟ್ಟಿಗಳ ಹಂದರವೊಂದಿರುತ್ತದೆ. ಕೀಲು, ಸ್ಪ್ರಿಂಗು, ಚಿಲಕಗಳಿರುತ್ತವೆ. ಗಾಜುನಾರಿನ ಬಾನೆಟ್ಟು ಇವೆಲ್ಲವನ್ನೂ ಬಿಟ್ಟು, ನಾಲ್ಕು ಮೂಲೆಗಳಲ್ಲಿ ಪಿನ್ನುಗಳ ಮೇಲೆ ಕುಳಿತಿರುತ್ತದೆ. ತೆರೆಯಬೇಕಾದಾಗ ಇಬ್ಬರು ಅದನ್ನು ಎತ್ತಿ ಪಕ್ಕಕ್ಕೆ ಇಡುತ್ತಾರೆ. ಉಳಿತಾಯದ ದೊಡ್ಡ ಪಾಲು ಹೀಗೆ ಬಿಟ್ಟುಕೊಟ್ಟ ಸೌಕರ್ಯದಿಂದ ಬಂದುದು. ಹಳೆಯ ಕೀಲುಗಳನ್ನೂ ಸ್ಪ್ರಿಂಗುಗಳನ್ನೂ ಉಳಿಸಿಕೊಂಡು ತೆಳುವಾದ ಫಲಕವನ್ನು ಅವಕ್ಕೆ ಬಿಗಿದವನು ತೂಕವನ್ನೂ ಇಳಿಸುವುದಿಲ್ಲ, ಸ್ಪ್ರಿಂಗಿನ ಸೆಳೆತಕ್ಕೆ ಫಲಕ ನಡುವೆ ಬಾಗಿ ಸೀಳುವುದನ್ನೂ ತಪ್ಪಿಸಲಾರನು.

ಜೋಡಣೆ ಮತ್ತು ರಕ್ಷಣೆ

ರಾಳ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಅಚ್ಚಿನಿಂದ ಅವಸರದಲ್ಲಿ ಬಿಡಿಸಿದ ಫಲಕ ತಿರುಚಿಕೊಳ್ಳುತ್ತದೆ. ಆದುದರಿಂದ ಹೊಸ ಫಲಕವನ್ನು ಕಾರಿನ ಮೇಲೆ ಸರಿಯಾದ ಸ್ಥಾನದಲ್ಲಿ ಬಿಗಿದು, ಕೆಲವು ದಿನ ಬಿಸಿಲಿಗೆ ಬಿಟ್ಟು, ಅದು ತನ್ನ ಕಡೆಯ ಆಕಾರಕ್ಕೆ ಬಂದ ಮೇಲೆಯೇ ಅಂಚುಗಳನ್ನು ಕತ್ತರಿಸಿ, ಪುಟ್ಟಿ ಪ್ರೈಮರುಗಳಿಗೆ ಕೈಹಾಕುವುದು ಲೇಸು. ಬೋಲ್ಟು ಹಾಯುವ ಕಡೆಗಳಲ್ಲಿ ಅಗಲವಾದ ವಾಷರುಗಳನ್ನೋ ರಾಳದಲ್ಲಿ ಹುದುಗಿಸಿದ ಲೋಹದ ಪಟ್ಟಿಗಳನ್ನೋ ಇಡದಿದ್ದರೆ ತೂತಿನ ಸುತ್ತಲೂ ನಕ್ಷತ್ರಾಕಾರದ ಬಿರುಕುಗಳು ಹಬ್ಬುತ್ತವೆ. ಉಕ್ಕಿನ ಮಡ್‌ಗಾರ್ಡಿನ ಹಿಂದಿರುವ ಒಳತಗಡು ರೇಡಿಯೇಟರಿನ ಚೌಕಟ್ಟನ್ನೂ ಹಿಡಿದಿರುತ್ತದೆಂಬುದನ್ನು ಮರೆತು ಎರಡನ್ನೂ ಒಟ್ಟಿಗೆ ಕಳಚಿದರೆ ಕಾರಿನ ಮುಂಭಾಗವೆಲ್ಲ ಅಲುಗಾಡತೊಡಗುತ್ತದೆ. ತೆಳುಕೊಳವೆಗಳ ಆಧಾರವೊಂದನ್ನು ಚಾಸಿಯಿಂದ ಎಬ್ಬಿಸಿ ಆ ಕೊರತೆಯನ್ನು ತುಂಬಬೇಕು. ಗಂಟೆಗೆ ನೂರು ಮೈಲಿಯನ್ನು ಮೀರಿದ ವೇಗದಲ್ಲಿ ಬಾನೆಟ್ಟಿನ ಕೆಳಗೆ ಸೇರಿದ ಗಾಳಿ ಅದನ್ನು ಮೇಲಕ್ಕೆತ್ತುತ್ತದೆ. ನಾಲ್ಕು ಪಿನ್ನುಗಳು ಸಾಲದೆ ಮುಂದಿನ ಅಂಚಿನ ನಡುವೆ ಇನ್ನೆರಡನ್ನು ಹಾಕಬೇಕಾಗುವುದುಂಟು. ಗಾಜುನಾರು ವಿದ್ಯುದ್ವಾಹಕವಲ್ಲ, ದೀಪ ಹೊತ್ತದೆ ಪರದಾಡುವವರು ಬಲ್ಬನ್ನು ಬದಲಾಯಿಸುವ ಮೊದಲು ದೀಪದಿಂದ ಚಾಸಿಗೆ ಅರ್ಥಿಂಗ್ ತಂತಿಯನ್ನು ಎಳೆದಿರುವರೇ ಎಂದು ನೋಡಬೇಕು.

ಬಾಗಿಲಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಬಾನೆಟ್ಟು ಮಡ್‌ಗಾರ್ಡುಗಳನ್ನು ಬದಲಾಯಿಸಿದವನು ಅನುಕೂಲವನ್ನಷ್ಟೇ ಬಿಟ್ಟುಕೊಡುತ್ತಾನೆ. ಉಕ್ಕಿನ ಬಾಗಿಲನ್ನು ತೆಗೆದವನು ತನ್ನ ಪಕ್ಕೆಗಿದ್ದ ಕವಚವನ್ನೇ ತೆಗೆಯುತ್ತಾನೆ. ಚಾಲಕನ ಪಕ್ಕದಲ್ಲಿ ಹಾಯುವ ಉಕ್ಕಿನ ಕೊಳವೆಗಳುಳ್ಳ ರಕ್ಷಣಾಪಂಜರವನ್ನು ಕೂರಿಸದೆ ಗಾಜುನಾರಿನ ಬಾಗಿಲನ್ನು ಹಾಕುವುದು ಎಷ್ಟೇ ಪೌಂಡುಗಳ ಆಸೆಗಾದರೂ ಸಲ್ಲದ ಸಾಹಸ. ಕಾಲು ಮೈಲಿಯನ್ನು 9.99 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಕಾಲದಲ್ಲಿ ಓಡುವ ಹಳೆಯ ಕಾರುಗಳಿಗೆ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಇಂಥ ಪಂಜರವನ್ನು ಕಡ್ಡಾಯ ಮಾಡಿದೆ. ಪಂಜರದ ತೂಕ ಫಲಕಗಳಿಂದ ಉಳಿಸಿದುದರ ಬಹುಭಾಗವನ್ನು ನುಂಗಬಹುದು. ಆದರೆ ಅದು ಕಾರಿನ ನಡುವಿನಲ್ಲಿ, ಹಿಂದಿನ ಚಕ್ರಗಳಿಗೆ ಹತ್ತಿರದಲ್ಲಿ, ಒಡಲಿಗೆ ಬಿಗಿಯನ್ನೀಯುತ್ತ ಕುಳಿತಿರುವ ತೂಕವಾದುದರಿಂದ ನಷ್ಟವೆನಿಸುವುದಿಲ್ಲ. ಪಾಲಿಯೆಸ್ಟರ್ ರಾಳ ಬೆಂಕಿಗೆ ಬಲುಬೇಗ ತುತ್ತಾಗಿ ದಟ್ಟವಾದ ಕರಿಯ ಹೊಗೆಯನ್ನು ಕಾರುತ್ತದೆ. ಎಂಜಿನ್ನಿಗೂ ಚಾಲಕನಿಗೂ ನಡುವಣ ಗೋಡೆ, ಆತನ ಕಾಲ ಕೆಳಗಿನ ನೆಲ ಇವೆರಡೂ ಎಂದೆಂದಿಗೂ ಲೋಹದವೇ ಆಗಿರತಕ್ಕುದು.

ಹಣ ವೆಚ್ಚವಾಗದ ಲಘುಕರಣವೇ ಮೊದಲು ಆಗಬೇಕಾದುದು. ಸ್ಟೆಪ್ನಿ, ಜಾಕಿ, ಹಿಂದಿನ ಆಸನ, ಹೀಟರು, ನೆಲಕ್ಕೆ ಮೆತ್ತಿದ ಡಾಂಬರಿನ ಲೇಪ ಇವುಗಳನ್ನು ತೆಗೆಯುವುದಕ್ಕೆ ಬೇಕಾದುದು ಒಂದು ದಿನದ ಶ್ರಮ ಮಾತ್ರ. ಅನಂತರ ಬ್ಯಾಟರಿಯ ಸ್ಥಳಾಂತರ. ಅದರ ಮೇಲೆ ಬಾನೆಟ್ಟು, ಮಡ್‌ಗಾರ್ಡು, ಮುಂದಿನ ಬಂಪರು. ಪಕ್ಕದ ಕಿಟಕಿಗಳಿಗೆ ಗಾಜಿನ ಅರ್ಧದಷ್ಟೇ ಸಾಂದ್ರತೆಯ ಪಾಲಿಕಾರ್ಬನೇಟು. ಪ್ರತಿಯೊಂದು ಹಂತದಲ್ಲಿಯೂ ಕಾರಿನ ನಾಲ್ಕು ಚಕ್ರಗಳನ್ನು ನಾಲ್ಕು ತೂಕದ ಹಲಗೆಗಳ ಮೇಲೆ ನಿಲ್ಲಿಸಿ ಬೇರೆಬೇರೆಯಾಗಿ ತೂಗಿ ಬರೆದಿಟ್ಟುಕೊಳ್ಳದವನಿಗೆ ತಾನು ಗಳಿಸಿದುದೇನೆಂಬುದು ತಿಳಿಯುವುದಿಲ್ಲ. ಮುಂಭಾಗ ಮಿತಿಮೀರಿ ಹಗುರವಾದರೆ ಹೊರಡುವಾಗ ಮುಂದಿನ ಚಕ್ರಗಳು ಮೇಲೆದ್ದು, ದಿಕ್ಕು ತಿರುಗಿಸುವ ಶಕ್ತಿಯೇ ಚಾಲಕನ ಕೈತಪ್ಪುತ್ತದೆ. ಆಗ ಹಿಂದುಗಡೆ ಪುಟ್ಟಗಾಲಿಗಳ ತಡೆಗೋಲನ್ನು ಕಟ್ಟಬೇಕಾಗುತ್ತದೆ.

ಅರುವತ್ತು ವರ್ಷ ಹಳೆಯದಾದ ಕಾರಿನ ಮೇಲೆ ಇಂಥ ಕೆಲಸಕ್ಕೆ ಕೈಹಾಕುವವರು ಬೋಲ್ಟಿನಿಂದ ಬಿಗಿದ ಭಾಗಗಳಿಗೂ ಬೆಸುಗೆಯಿಂದ ಕೂಡಿದ ಭಾಗಗಳಿಗೂ ಇರುವ ಭೇದವನ್ನು ಮನಸ್ಸಿನಲ್ಲಿಡತಕ್ಕುದು. ಬಾನೆಟ್ಟು, ಮುಂದಿನ ಮಡ್‌ಗಾರ್ಡು, ಡಿಕ್ಕಿಯ ಮುಚ್ಚಳಗಳನ್ನು ಒಂದು ಮಧ್ಯಾಹ್ನದಲ್ಲಿ ಕಳಚಿ ಮತ್ತೊಂದು ಮಧ್ಯಾಹ್ನದಲ್ಲಿ ಹಿಂದಕ್ಕೆ ತೊಡಿಸಬಹುದು. ಹಿಂದಿನ ಚಕ್ರದ ಮೇಲಣ ತಗಡನ್ನು ಕತ್ತರಿಸಿದರೆ ಮತ್ತೆ ಮೊದಲಿನಂತಾಗದು. ಕಳಚಿದ ಉಕ್ಕಿನ ಭಾಗಗಳಿಗೆ ಎಣ್ಣೆ ಸವರಿ, ತೇವವಿಲ್ಲದೆಡೆ ನೇತುಹಾಕಿ ಕಾಪಾಡಬೇಕು. ಥಂಡರ್‌ಬೋಲ್ಟಿನಂಥ ಕಾರುಗಳ ವಿಷಯದಲ್ಲಾದರೋ ಕಾರ್ಖಾನೆಯಿಂದ ಬಂದ ಗಾಜುನಾರೇ ಮೂಲ. ಪಂದ್ಯದಲ್ಲಿ ಒಡೆದುಹೋದ ಆ ಫಲಕಗಳ ಸ್ಥಾನದಲ್ಲಿ ಅನಂತರದ ಅಚ್ಚುಗಳಿಂದ ತೆಗೆದವು ಬಂದಿರುವುದು ಸಾಮಾನ್ಯವಾದುದರಿಂದ, ಪರೀಕ್ಷಿಸಲು ಬಂದ ತಿಳಿವಳಿಕೆಯುಳ್ಳವನು ಬಣ್ಣದ ಹೊಳಪನ್ನು ನೋಡುತ್ತ ನಿಲ್ಲದೆ ಮೊದಲು ಬಾನೆಟ್ಟನ್ನೆತ್ತಿಸಿ, ಅದರ ಕೆಳಮೈಯ ಒರಟನ್ನೂ ನಾರಿನ ಹಾಸನ್ನೂ ಅಂಚುಗಳ ದಪ್ಪವನ್ನೂ ಬೆರಳಾಡಿಸಿ ನೋಡುತ್ತಾನೆ.